ನಡುವೆ ಏನು ಹಾಸುವುದು

ಮಿಲ್ವಾಕೀ ಊರಿನ ಉತ್ತರ ಮಗ್ಗುಲಲ್ಲಿ, ಶಾಲೆಯೊಂದರ
ಕಾರು ನಿಲ್ಲಿಸುವ ಜಾಗದ ಅಂಚಿಗೆ,
ಮಳೆನೀರು ಇಂಗಲೆಂದು ತೋಡಿದ ತೋಟ
ಇಂಗುವುದನ್ನೇ ಬಿಟ್ಟಿತ್ತು.
ಮಳೆ ನಿಂತು ಆರು ದಿನ. ನೀರು ಹಾಗೇ.
ಮೇಲೆ ಎಣ್ಣೆಯ ಕಾಮನಬಿಲ್ಲು, ಚಿಪ್ಸಿನ ಖಾಲಿ ಪೊಟ್ಟಣ,
ಸೊಳ್ಳೆಮರಿಗಳ ತೈ ತಕ.
ಎದುರುಮನೆಯ ಅರ್ನೆಟ್ಟಾ ಪ್ರೂಯಿಟ್
ಪಾಲಿಕೆಗೆ ಫೋನು ಮಾಡಿದ್ದು ಮೂರು ಸಲ:
"ನೀವು ಕೊಟ್ಟದ್ದು ತೋಟವೋ ಕೊಚ್ಚೆಯೋ, ಬಂದು ಹೇಳಿಹೋಗಿ."

ಅಗೆಯಲು ಹೋದವರು ಮೂವರು.
ಪಂಪು ಹಚ್ಚಿ ನೀರೆತ್ತಿ,
ಐರಿಸ್ ಗಿಡದ ಬೇರುಗಂಟನ್ನು ಒದ್ದೆ ಗೋಣಿಯಲ್ಲಿ ಸುತ್ತಿ ನೆರಳಿಗಿಟ್ಟು,
ಎರಡೂವರೆ ಅಡಿ ಮಣ್ಣು ತೆಗೆದ ಮೇಲೆ
ಸನಿಕೆಗೆ ಸಿಕ್ಕಿತು ಬಟ್ಟೆ.
ಮೇಲಿನ ಮಣ್ಣು ಕೆಳಗಿನ ಜಲ್ಲಿಗೆ ಇಳಿಯದಿರಲೆಂದು
ಹನ್ನೊಂದು ವರ್ಷದ ಹಿಂದೆ
ಅಂಚಿನ ಮೇಲೆ ಅಂಚು ಒಂದಡಿ ಏರಿಸಿ
ಮಗುವಿಗೆ ಹಾಸಿದಂತೆ ಹಾಸಿದ್ದರು.
ಎಳೆದರೆ ಹಸಿ ಚರ್ಮದಂತೆ ಬಂತು, ಬೂದು ಲೋಳೆ.
ಬೆಳಕಿಗೆ ಹಿಡಿದೆ.
ಒಂದು ಕಣ್ಣೂ ತೆರೆದಿರಲಿಲ್ಲ.
ಅದರ ಕೆಳಗೆ ಜಲ್ಲಿ
ತೊಳೆದು ಸುರಿದ ದಿನದಷ್ಟೇ ಬೆಳ್ಳಗೆ, ಒಣಗಿ.

"ಹಾಸಿದವನು ನಾನೇ" ಅಂದ ಕಾಜಿಮೀರ್ ವೊಯ್ಟೊವಿಚ್.
"ನಕ್ಷೆಯಲ್ಲಿ ಇತ್ತು. ಚೆನ್ನಾಗಿ ಹಾಸಿದೆ ಅಂತ ಭುಜ ತಟ್ಟಿದ್ದರು."
ನಿವೃತ್ತಿಗೆ ಹದಿನಾಲ್ಕು ತಿಂಗಳು ಅವನಿಗೆ.
ಗ್ಲೌಸು ಕಳಚಿದ. ಮತ್ತೆ ಹಾಕಿಕೊಂಡ.

ಕಚೇರಿಯಲ್ಲಿ ಮೇಲಧಿಕಾರಿಯ ಮಾತು:
ಗೋದಾಮಿನಲ್ಲಿ ಹದಿನೆಂಟು ಸುರುಳಿ ಬಿದ್ದಿದೆ,
ಹೊಸ ನಮೂನೆ, ಕಣ್ಣು ಇನ್ನೂ ದೊಡ್ಡದು, ಅದನ್ನೇ ಹಾಸಿ.
ನಾನು ಪಾಂಗ್ ಖು ಷಿಯಾಂಗ್, ಕೆಲಸಕ್ಕೆ ಸೇರಿ ಎಂಟು ತಿಂಗಳು,
ಬಾಯಿ ಸುಮ್ಮನಿರಲಿಲ್ಲ:
ಬಟ್ಟೆ ಬೇಡ, ಎರಡಿಂಚು ದಪ್ಪ ಮರಳು,
ಅದರಡಿ ಎರಡಿಂಚು ಬಟಾಣಿ ಜಲ್ಲಿ.
"ಕಲ್ಲಿನ ಸಂದಿಯಲ್ಲಿ ಮಣ್ಣು ನಿಲ್ಲುತ್ತದೇನಮ್ಮ?"

ಸೌತೆ ಉಪ್ಪಿನಕಾಯಿಯ ಎರಡು ಪ್ಲಾಸ್ಟಿಕ್ ಜಾಡಿ
ಕಾಜಿಮೀರನೇ ಮನೆಯಿಂದ ತಂದ, ತಳಕ್ಕೆ ತೂತು ಕೊರೆದ.
ಒಂದರಲ್ಲಿ ಬಟ್ಟೆ. ಒಂದರಲ್ಲಿ ಮರಳು, ಬಟಾಣಿ ಜಲ್ಲಿ.
ಮೇಲೆ ಅದೇ ತೋಟದ ಮಣ್ಣು.
ಸುರಿದದ್ದು ಅಲ್ಲಿಯದೇ ರಾಡಿ.

ಮೊದಲ ಸಲ ಬಟ್ಟೆಯ ಜಾಡಿ ಗೆದ್ದಿತು, ಕನ್ನಡಿಯಂಥ ನೀರು.
ನನ್ನದು ಚಹಾದ ಬಣ್ಣಕ್ಕೆ ಸೋರಿತು.
ಅಧಿಕಾರಿ ನಕ್ಕು ಊಟಕ್ಕೆ ಹೋದ.
ನನಗೆ ಅಮ್ಮನ ಗದರಿಕೆ ನೆನಪಾಯಿತು:
ಅಕ್ಕಿ ತೊಳೆದ ಮೊದಲ ನೀರಿಗೇ ಬೆದರಿದರೆ ಉಂಡ ಹಾಗೇ.
ಇನ್ನೊಂದು ಚೊಂಬು ಸುರಿದೆ. ಇನ್ನೊಂದು.

ನಾಲ್ಕನೆಯದಕ್ಕೆ ನನ್ನದೂ ತಿಳಿಯಾಯಿತು.
ಸಂದಿಗೆ ಬಂದ ಮೊದಲ ಕೆಲವು ಕಣ ಜಾರಿ ಹೋಗುತ್ತವೆ, ಹೋಗಲಿ.
ಹಿಂದೆ ಬಂದವು ಒಂದಕ್ಕೊಂದು ಹೆಗಲು ಕೊಟ್ಟು
ಸಂದಿಯ ಮೇಲೆ ಕಮಾನು ಕಟ್ಟುತ್ತವೆ,
ನೀರು ಅದರಡಿ ನುಸುಳುತ್ತದೆ.
ಕೆಳಗಿನದರ ಸಣ್ಣ ಕಲ್ಲು
ಮೇಲಿನದರ ದಪ್ಪ ಕಣದ ಐದು ಪಟ್ಟು ಮೀರದಿದ್ದರೆ ಸಾಕು,
ಅಷ್ಟೇ ಲೆಕ್ಕ. ಜರಡಿ ಹಿಡಿದು ಮೂರು ರಾತ್ರಿ ಮಾಡಿದ ಲೆಕ್ಕ.

ಒಂಬತ್ತನೆಯ ದಿನ ಬಟ್ಟೆಯ ಜಾಡಿಯಲ್ಲಿ
ನೀರು ನಿಂತೇ ಇತ್ತು.
ಯಾರೂ ಗೆದ್ದೆವೆನ್ನಲಿಲ್ಲ.
ಒಂಬತ್ತು ದಿನ ಹನ್ನೊಂದು ವರ್ಷವಲ್ಲ, ನನಗೂ ಗೊತ್ತು.

ಕ್ವಾರಿಯ ಲಾರಿ ಬಂದ ಬೆಳಿಗ್ಗೆ
ಕಾಜಿಮೀರ್ ಜಲ್ಲಿಯೊಳಗೆ ಮೊಣಕೈವರೆಗೂ ಕೈ ಹೊಗಿಸಿ ತೆಗೆದ.
ತೋಳೆಲ್ಲ ಹಿಟ್ಟು ಹಿಟ್ಟು.
"ತೊಳೆದಿಲ್ಲ. ವಾಪಸ್ಸು."
ಚಾಲಕ ಬೈದ, ಇವನೂ ಪೋಲಿಷಿನಲ್ಲಿ ಬೈದ,
ಲಾರಿ ಹಿಂದೆ ಸರಿಯುವ ಟಿಂವ್ ಟಿಂವ್
ಬೀದಿಯುದ್ದ ಕೇಳಿತು.

ಅಕ್ಟೋಬರಿನ ರಾತ್ರಿಮಳೆಗೆ ನಿದ್ದೆ ಹತ್ತದೆ ಹೋದೆ.
ಅರ್ನೆಟ್ಟಾ ಜಗುಲಿಯಲ್ಲಿ, ಹೆಗಲಿಗೆ ಕಂಬಳಿ.
"ಎರಡು ಗಂಟೆಯಿಂದ ನೋಡ್ತಾ ಇದೀನಿ, ಇಳೀತಾ ಇದೆ,
ಆದರೂ ಫೋನು ಕೈಲೇ ಇದೆ" ಅಂದಳು.
ಆಚೆ ಕಾಜಿಮೀರನ ಟ್ರಕ್ಕು, ದೀಪ ಆರಿಸಿ ನಿಂತಿತ್ತು.
ಗಾಜಿನ ಹಿಂದೆ, ಸ್ಟಿಯರಿಂಗ್ ಪಕ್ಕ,
ಆ ಹಳೆಯ ಬಟ್ಟೆಯ ಅಂಗೈಯಗಲದ ತುಂಡು,
ಒಣಗಿ ಹಪ್ಪಳದಂತೆ ಸೆಟೆದು.